ಉರುಮ್ಕಿಯಲ್ಲೇ ಉಳಿದವನು

ತಾನ್‌ವಾನ್ ಹಳ್ಳಿ, ಹುನಾನ್
ಏಳನೇ ತಿಂಗಳ ಹದಿನೇಳು

ಮಗಾ ಮಾವ್‌ಲಿನ್,

ಉರುಮ್ಕಿಯಲ್ಲಿ ಹೇಗಿದ್ದೀಯಪ್ಪಾ? ಎದೆಯುರಿ ಕಡಿಮೆಯಾಯಿತೇ? ನಿಮ್ಮ ಅಂಗಡಿಯ ಖಾರದ ಶಾವಿಗೆಯನ್ನೇ ಮೂರು ಹೊತ್ತೂ ತಿನ್ನಬೇಡ, ಒಂದು ಹೊತ್ತಾದರೂ ಗಂಜಿ ಮಾಡಿಕೋ. ನಿನ್ನಪ್ಪನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಫೋನಿನಲ್ಲಿ ಹೇಳಿದರೆ ಅವರ ಕಿವಿಗೆ ಬೀಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ತಿಂಗಳ ಹತ್ತರಂದು ಹಿರಿಯರನ್ನು ಮನೆಗೆ ಕರೆದೆವು. ಬಾಗಿಲಲ್ಲಿ ಧೂಪ ಹಚ್ಚಿ, ಮೇಜಿನ ಮೇಲೆ ಬಟ್ಟಲು, ಊಟದ ಕಡ್ಡಿ, ಅಕ್ಕಿಯ ಮದ್ಯ ಇಟ್ಟೆ. ಸತ್ತ ಮೇಲೆ ನಿಮ್ಮಣ್ಣ ಯೌಗೆನ್‌ಗೆ ಇದು ಮೊದಲ ವರ್ಷ. ಅವನಿಗೆಂದೇ ಹೊಗೆಗೆ ಒಣಗಿಸಿದ ಹಂದಿಮಾಂಸಕ್ಕೆ ಕೈತುಂಬ ಮೆಣಸಿನಕಾಯಿ ಸುರಿದು ಹುರಿದಿದ್ದೆ. ಬಂದರೋ ಇಲ್ಲವೋ ಎಂದು ನಿನ್ನಪ್ಪ ಬಿದಿರಿನ ಎರಡು ತುಂಡುಗಳನ್ನು ಎಸೆದು ಕೇಳಿದರು. ಒಂದು ಅಂಗಾತ, ಒಂದು ಮಗುಚಿ. ನಿನ್ನಜ್ಜ ಬಂದರು. ಮತ್ತೆ ಹಾಗೇ ಬಿತ್ತು, ಅಜ್ಜಿಯೂ ಬಂದರು. ಯೌಗೆನ್‌ನ ಹೆಸರು ಹೇಳಿ ಎಸೆದಾಗ ಎರಡೂ ಮಗುಚಿಯೇ ಬಿದ್ದವು, ಬಂದಿಲ್ಲ ಎಂದು. ಹದಿನೈದಕ್ಕೆ ಎಲ್ಲರನ್ನೂ ಕಳಿಸಿಕೊಡುವವರೆಗೂ ದಿನಾ ಅದೇ. "ನೆಲ ಸಮ ಇಲ್ಲ ಕಣೇ" ಎಂದು ನಿನ್ನಪ್ಪ ಜಾಗ ಬದಲಿಸಿದರು. ಪಾಪ, ನೆಲ ಏನು ಮಾಡೀತು! ಮುಟ್ಟದ ಆ ಬಟ್ಟಲನ್ನು ಹಾಗೇ ತೆಗೆದಿಟ್ಟೆ, ಮಗಾ.

ಅವನ ಬೂದಿ ತಂದವನು ನೀನು. ಪರವೂರಲ್ಲಿ ಸತ್ತವರನ್ನು ತರುವಾಗ ಪ್ರತಿ ಸೇತುವೆಗೂ, ಪ್ರತಿ ಸುರಂಗಕ್ಕೂ ಹೆಸರು ಹಿಡಿದು ಕರೆಯಬೇಕು, ಇಲ್ಲದಿದ್ದರೆ ಹಿಂದೆ ಉಳಿದುಬಿಡುತ್ತಾರೆ ಎಂದು ಮೊದಲೇ ಹೇಳಿದ್ದೆ. ನೀನು ವಿಮಾನದಲ್ಲಿ ಬಂದಿಳಿದು, "ಆಕಾಶದಲ್ಲಿ ಸೇತುವೆ ಎಲ್ಲಿಂದ ತರಲಮ್ಮಾ? ಕೂತ ಕೂಡಲೇ ನಿದ್ದೆ ಹತ್ತಿಬಿಡ್ತು" ಎಂದೆ. ಬೈಯುತ್ತಿಲ್ಲಪ್ಪಾ, ಅಷ್ಟು ದಿನ ನೀನು ಕಣ್ಣೇ ಮುಚ್ಚಿರಲಿಲ್ಲ. ಉರುಮ್ಕಿಯಿಂದ ನಮ್ಮ ಚಾಂಗ್‌ಶಾಗೆ ಮೂರು ಸಾವಿರ ಕಿಲೋಮೀಟರು, ನಾಲ್ಕೂವರೆ ಗಂಟೆಯಲ್ಲಿ ತಂದುಬಿಟ್ಟ ಎಂದು ನಿನ್ನಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಅದು ಬದುಕಿರುವವರ ಲೆಕ್ಕ. ಸತ್ತವನು ನಡೆದೇ ಬರಬೇಕು. ಮರಳುಗಾಡು ದಾಟಬೇಕು, ಹಳದಿ ನದಿ, ಯಾಂಗ್ಸೆ ದಾಟಬೇಕು. ಕರೆಯುವವರು ಮುಂದಿಲ್ಲದಿದ್ದರೆ ಅವನಿಗೆ ದಾರಿಯಾದರೂ ಹೇಗೆ ತಿಳಿಯಬೇಕು?

ಮೊನ್ನೆ ಫೋನಿನಲ್ಲಿ ನಗುತ್ತಾ ಹೇಳಿದೆಯಲ್ಲ, ಬೆಳಗ್ಗೆ ಅಂಗಡಿಯ ಬೀಗ ತೆಗೆಯುವ ಮೊದಲೇ ಒಳಗೆ ಕತ್ತಿಯ ಸದ್ದು, "ಇಲಿ ಇರಬೇಕು ಬಿಡಮ್ಮಾ" ಅಂತ. ಇಲಿ ಮೆಣಸಿನಕಾಯಿ ಕೊಚ್ಚುತ್ತದೇನೋ, ಮಂಕೇ? ಹೆದರಬೇಡ. ಅವನು ಕುಸಿದು ಬಿದ್ದು ಸತ್ತದ್ದು ಆ ಒಲೆಯ ಮುಂದೆಯೇ ಅಲ್ಲವೇ? ನೀನು ಅವನ ಬೂದಿ ಹಿಡಿದು ಊರಿಗೆ ಹೊರಟದ್ದೇ ಅವನಿಗೆ ಗೊತ್ತಿಲ್ಲ. ಒಳಗೆ ಹೋಗುವಾಗ ಒಮ್ಮೆ ಕೆಮ್ಮಿ ಹೋಗು, ಅಷ್ಟೇ ಸಾಕು.

ನಿನ್ನ ಮೈ ಬೆಚ್ಚಗಿರಲಿ, ಅಂಗಡಿಗೆ ಜನ ಬರುತ್ತಿರಲಿ.

ನಿನ್ನ ಅಮ್ಮ

ಇನ್ನೊಂದು ಮಾತು: ಈ ಕಾಗದದ ಬೆನ್ನಿಗೇ ನಾನೂ ಹೊರಡುತ್ತೇನೆ, ರೈಲಿನಲ್ಲಿ. ನಿನ್ನಪ್ಪನಿಗೆ ತಂಗಿಯ ಮನೆಗೆ ಎಂದಿದ್ದೇನೆ, ಬಾಯಿ ಬಿಡಬೇಡ. ನೀನು ಕರೆದರೆ ಅವನು ಬರಲಿಕ್ಕಿಲ್ಲ, ಚಿಕ್ಕಂದಿನಿಂದಲೂ ನಿನ್ನ ಮಾತು ಕೇಳಿದವನಲ್ಲ. ವಾಪಸು ಬರಲು ರೈಲಿನಲ್ಲಿ ಎರಡು ಸೀಟು ತೆಗೆಸು, ಅವನದನ್ನು ನಿನ್ನ ಹೆಸರಲ್ಲಿ. ನೀನು ಹತ್ತಬೇಡ. ನಾನು ಕರೆದರೂ ಅವನು ಏಳದಿದ್ದರೆ, ಆ ಎರಡು ಸೀಟೂ ಖಾಲಿಯೇ ಹೋಗಲಿ.