ಒಂಬತ್ತೇ ನಕ್ಷತ್ರ

ಡಿಸೆಂಬರ್ 18, ಗುರುವಾರ

ಸೊಸೆ ನಡೆಸುವ ಶಿಶುವಿಹಾರದಲ್ಲಿ ಹಬ್ಬದ ಆಟಕ್ಕೆಂದು, ದೊಡ್ಡ ತಟ್ಟೆಯಲ್ಲಿ ಬಣ್ಣ ಹಾಕಿದ ಅಕ್ಕಿ ತುಂಬಿ, ಅದರೊಳಗೆ ಹತ್ತು ಮರದ ನಕ್ಷತ್ರ ಹುದುಗಿಸಿಟ್ಟಿದ್ದೆ. ಮಕ್ಕಳು ಕೈಯಾಡಿಸಿ ಹುಡುಕಿ ಎಣಿಸಬೇಕು. ನೆಲವೆಲ್ಲ ಅಕ್ಕಿಯಾಯಿತು, ನಿಜ.

"ಅತ್ತೆ, ಹಿಂಗೆಲ್ಲ ಆಡಿಸಿದ್ರೆ ಮಕ್ಕಳಿಗೆ ಲೆಕ್ಕ ಬರುತ್ತಾ? ನಾಳೆಯಿಂದ ಇದು ಬೇಡ," ಅಂದಳು ಸೊಸೆ.

ಆಗಲೇ, ಎಂದೂ ಬಾಯಿಬಿಡದ ಗುಂಗುರು ಕೂದಲಿನ ಪುಟ್ಟಿ, "ಒಂಬತ್ತೇ ಇದೆ ಅಜ್ಜಿ," ಅಂದಳು.

"ಹತ್ತು ಹಾಕಿದೀನಿ. ಸರಿಯಾಗಿ ಎಣಿಸೇ!" ಎಂದು ಗದರಿದೆ.

ಮೂರು ಸಲ ಎಣಿಸಿದಳು. ಕಣ್ಣು ತುಂಬಿ ಬಂದರೂ "ಒಂಬತ್ತೇ" ಅಂದಳು.

ಈಗ ನೋಡಿದರೆ ಹತ್ತನೆಯದು ನನ್ನ ಕನ್ನಡಕದ ಡಬ್ಬಿಯಲ್ಲಿದೆ. ತುದಿ ಚೂಪಾಗಿದೆಯೆಂದು ನಾನೇ ತೆಗೆದಿಟ್ಟು ಮರೆತಿದ್ದೆ.

ನಾಳೆ ಎಲ್ಲರೆದುರು ಪುಟ್ಟಿಯ ಬಳಿ ತಪ್ಪು ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಗದರಿಕೆಗೂ ಜಗ್ಗದ ಲೆಕ್ಕ ಅವಳಿಗೆ ಎಲ್ಲಿಂದ ಬಂತು, ಸೊಸೆಯೇ ಹೇಳಲಿ. ತಟ್ಟೆ ಅಲ್ಲೇ ಇರುತ್ತದೆ. ಚೆಲ್ಲಿದ ಅಕ್ಕಿ ನಾನೇ ಗುಡಿಸುತ್ತೇನೆ, ಸೊಂಟ ಮುರಿದರೂ ಸರಿ.