ನಾಲ್ಕನೆಯ ತಂತಿ

ಪ್ರೀತಿಯ ತಮ್ಮ ಸನ್ಮತಿ,

ನೀನು ಹೋದ ಮೇಲೆ ನಿನ್ನ ಅಕ್ಕ ಹೊಟ್ಟೆ ತುಂಬಾ ಸಂತೋಷಪಟ್ಟದ್ದು ಇವತ್ತೇ. ಇದು ಸತ್ತವನಿಗೆ ಬರೆಯುವ ಮಾತೇ ಎಂದು ಕೇಳಬೇಡ. ಅಣ್ಣನ ಮುಖ ಸಣ್ಣದಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ನಿನಗೆ ಹೇಳದೆ ಇನ್ನು ಯಾರಿಗೆ ಹೇಳಲಿ? ಅವನನ್ನು 'ಅವರು' ಎಂದು ಬರೆಯಲು ಕೈ ಒಪ್ಪುವುದಿಲ್ಲ, ಬೈಯಬೇಡ.

ಮೂಡುಬಿದಿರೆಯ ಪೇಟೆಗೆ ಕರೆಂಟು ಬಂದ ವರ್ಷ ನೆನಪುಂಟಾ? ಅಮ್ಮ ನನ್ನ ಹೆಸರಿಗೆ ಬಿಟ್ಟುಹೋದ ಕಟ್ಟಡದಲ್ಲಿ ಎದುರಿಗೆ ಅಣ್ಣನ ಹೋಟೆಲು, ಬದಿಯಲ್ಲಿ ನಿನ್ನ ರೇಡಿಯೋ ರಿಪೇರಿ ಅಂಗಡಿ, ಹಿಂದೆ ನನ್ನ ಹೊಲಿಗೆಯ ಕೋಣೆ. "ಸೂರ್ಯ ಮುಳುಗುವ ಮೊದಲೇ ಉಣ್ಣುವ ಜೈನರಿಗೆ ಕರೆಂಟು ಯಾಕೆ ಮಾರಾಯ" ಎನ್ನುತ್ತಿದ್ದ ಅಣ್ಣನೇ ಕಂಬ ಬಂದ ದಿನ ಎಲ್ಲರಿಗಿಂತ ಮೊದಲು ಓಡಿದ. ಕರೆಂಟು ತರುವ ತಂತಿ ಮೂರು, ಮೂರು ಫೇಸು ಎಂದು ಕೇಳಿದ್ದೇ ತಡ, ಪಾಲು ಮಾಡಲು ಕೂತ. ಒಬ್ಬೊಬ್ಬರಿಗೆ ಒಂದು ಫೇಸು, ಅವರವರ ತಂತಿ ಅವರವರೇ ತರುವುದು. ಮೂವರೂ ಒಳ್ಳೆಯ ದಪ್ಪ ತಂತಿಯನ್ನೇ ತಂದೆವು. ನಾಲ್ಕನೆಯದು ನ್ಯೂಟ್ರಲ್, ಮೂವರ ಕರೆಂಟೂ ವಾಪಸು ಹೋಗುವ ತಂತಿ. ಅದು ಯಾರ ಪಾಲಿಗೂ ಸೇರಲಿಲ್ಲವಲ್ಲ, ಅಣ್ಣ ಎಲ್ಲಿಯೋ ಉಳಿದಿದ್ದ ಸಪೂರ ತಂತಿಯೊಂದನ್ನು ಹಿಡಿದುಕೊಂಡು ಬಂದ.

ನೀನು ಬೆಂಚು ಬಿಟ್ಟು ಎದ್ದು ಬಂದದ್ದು ಈಗಲೂ ಕಣ್ಣಮುಂದಿದೆ. "ಅಣ್ಣ, ಮೂವರೂ ಸಮ ಸಮ ಎಳೆದರೆ ಅದರಲ್ಲಿ ಹೆಚ್ಚೇನೂ ಹೋಗುವುದಿಲ್ಲ, ನಿಜ. ಆದರೆ ನೀವು ಹೋಟೆಲಿಗೆ ರಾಶಿ ಎಳೆಯುತ್ತೀರಿ, ನಮ್ಮದು ಒಂದೆರಡು ಬಲ್ಬು. ನೀವು ಎಳೆದದ್ದೆಲ್ಲ ಹೆಚ್ಚುಕಮ್ಮಿ ಆ ಒಂದರಲ್ಲೇ ವಾಪಸು ಹೋಗಬೇಕು. ಅದೂ ಫೇಸಿನಷ್ಟೇ ದಪ್ಪ ಬೇಕು." ವೈರ್‌ಮನ್ ಲಾರೆನ್ಸ ಅಣ್ಣನ ಮಾತಿನಂತೆ ಸಪೂರದ್ದನ್ನೇ ಹಾಕಿದ. ಕರೆಂಟು ಬಿಟ್ಟ ಮೇಲೆ ಅಣ್ಣ ಅದಕ್ಕೆ ಟೆಸ್ಟರ್ ಇಟ್ಟ. ಉರಿಯಲಿಲ್ಲ. "ನೋಡು, ಇದರಲ್ಲಿ ಏನೂ ಇಲ್ಲ. ಏನೂ ಇಲ್ಲದ್ದಕ್ಕೆ ದಪ್ಪ ತಂತಿ ಯಾಕೆ?" ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಟೆಸ್ಟರ್ ಉರಿಯದಿದ್ದರೂ ಕರೆಂಟು ಹರಿಯುತ್ತದೆ ಎಂದು ನೀನು ಹೇಳಿದ್ದು ಆ ನಗೆಯಲ್ಲಿ ಯಾರಿಗೆ ಕೇಳಿತು?

ಆ ಮಧ್ಯಾಹ್ನವನ್ನಂತೂ ನಾನು ಮರೆಯಲಾರೆ. ಅಷ್ಟರಲ್ಲಿ ಹೋಟೆಲಿಗೆ ಹಿಟ್ಟು ಅರೆಯುವ ಮೋಟಾರು ಬಂದಿತ್ತು, ಫ್ರಿಜ್ಜು ಬಂದಿತ್ತು, ಎಲ್ಲವೂ ಅಣ್ಣನ ಒಂದೇ ಫೇಸಿಗೆ. ಸಪೂರ ತಂತಿ ಕಾದು ಕಾದು ಮೀಟರಿನ ಬುಡದಲ್ಲಿ ಸುಟ್ಟು ತುಂಡಾಯಿತು. ಹೋಟೆಲಿನ ದೀಪಗಳು ಮಂಕಾದವು. ವಾಪಸು ದಾರಿ ಸಿಕ್ಕದ ಕರೆಂಟು ನಮ್ಮಿಬ್ಬರ ಕಡೆಗೆ ನುಗ್ಗಿತು. ನನ್ನ ಬಲ್ಬು ಬೆಳ್ಳಗೆ ಉರಿದು ಒಡೆಯಿತು. ನಿನ್ನ ಬೆಂಚಿನ ಮೇಲಿದ್ದ ಬಂಟ್ವಾಳದ ಜವಳಿ ಅಂಗಡಿಯವರ ರೇಡಿಯೋ, ಬೆಳ್ತಂಗಡಿಯ ಮಾಸ್ಟ್ರ ರೇಡಿಯೋ, ಎಲ್ಲ ಹೊಗೆಯಾಡಿದವು. ಅಣ್ಣ ಗಲ್ಲಾದಿಂದ ಏಳಲಿಲ್ಲ. ಕಾಫಿ ಕುಡಿಯುವವರಿಗೆಲ್ಲ ಕೇಳುವ ಹಾಗೆ, "ತಮ್ಮ ಏನೋ ಮುಟ್ಟಬಾರದ್ದು ಮುಟ್ಟಿದ" ಎಂದ. ಆ ಮೇಲೆ ನಿನ್ನ ಅಂಗಡಿಗೆ ಯಾರು ಬಂದರು? ತುಂಡಾದ ತಂತಿಯನ್ನು ತಿರುಚಿ ಕಟ್ಟಿಸಿ ಅವನು ವ್ಯಾಪಾರ ನೋಡಿಕೊಂಡ.

ಬೆಳ್ತಂಗಡಿಯ ಬಸ್ಸು ಹತ್ತುವಾಗ ನೀನು ತಿರುಗಿ ನೋಡಲಿಲ್ಲ. ಇನ್ನೊಬ್ಬರ ಅಂಗಡಿಯಲ್ಲಿ ಸಂಬಳಕ್ಕೆ ಕೂತೆ, ಅಲ್ಲಿಯೇ ಜಾಂಡೀಸ್ ಹಿಡಿಯಿತು. ನಾನು ಬಂದಾಗ ನಿನ್ನ ಕಣ್ಣು ಅರಶಿನವಾಗಿತ್ತು. "ನಾನು ಮುಟ್ಟಲಿಲ್ಲ ಅಕ್ಕ" ಎಂದೆ. ಅದನ್ನು ನನಗೆ ಹೇಳಬೇಕಿತ್ತಾ, ಸನ್ಮತಿ? ಆಸ್ಪತ್ರೆಯ ಆ ಬೆಂಚಿನಲ್ಲಿ ಕೂತು ನಾನು ಅಂದುಕೊಂಡದ್ದು ಏನೆಂದರೆ... ಇರಲಿ, ಅದು ಮೊನ್ನೆ ಆಯಿತು.

ನಿನ್ನ ಅಂಗಡಿಯನ್ನು ಅವನು ಹೋಟೆಲಿನ ಫ್ಯಾಮಿಲಿ ರೂಮು ಮಾಡುತ್ತೇನೆ ಎಂದಾಗ ಬೇಡ ಎನ್ನುವ ಹಕ್ಕು ನನಗಿತ್ತು. ಎನ್ನಲಿಲ್ಲ. ಆ ಕೋಣೆಗೆ ನಿನ್ನದೇ ಫೇಸು, ಅದೇ ತಿರುಚಿ ಕಟ್ಟಿದ ನ್ಯೂಟ್ರಲ್. "ಅಣ್ಣ, ಆ ತಂತಿ ಬದಲಾಯಿಸುವ" ಎಂದು ಒಮ್ಮೆ ಹೇಳಿದೆ. ಅವನು ಪುನಃ ಟೆಸ್ಟರ್ ಇಟ್ಟು ತೋರಿಸಿ ನಕ್ಕ. ಎರಡನೆಯ ಸಲ ನಾನು ಬಾಯಿ ತೆರೆಯಲಿಲ್ಲ, ಹೊಲಿಗೆ ಮೆಷಿನು ತುಳಿಯುತ್ತಾ ಕಾದೆ.

ಮೊನ್ನೆ ಅಣ್ಣ ಮಂಗಳೂರಿನಿಂದ ಹಾಡಿನ ಪ್ಲೇಟೂ ತಿರುಗುವ ದೊಡ್ಡ ರೇಡಿಯೋಗ್ರಾಂ ತರಿಸಿ ಫ್ಯಾಮಿಲಿ ರೂಮಿನಲ್ಲಿ ಇಡಿಸಿದ. ಊರಿನವರನ್ನೆಲ್ಲ ಕರೆದಿದ್ದ. ಬಂಟ್ವಾಳದ ಜವಳಿ ಅಂಗಡಿಯವರೂ ಬಂದಿದ್ದರು. ಒಳಗೆ ಮೋಟಾರು ತಿರುಗುತ್ತಿತ್ತು. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಹೋಟೆಲು ಮಂಕಾಯಿತು, ಫ್ಯಾಮಿಲಿ ರೂಮಿನ ಬಲ್ಬು ಬೆಳ್ಳಗಾಗಿ ಸಿಡಿಯಿತು, ರೇಡಿಯೋಗ್ರಾಮಿನ ಬೆನ್ನಿನಿಂದ ಹೊಗೆ. ಅದೇ ವಾಸನೆ, ತಮ್ಮಾ. ನಾನು ಹಿಂದಿನ ಕೋಣೆಯಿಂದ ನಿಧಾನವಾಗಿ ಬಂದು ಎಲ್ಲರ ಎದುರಿಗೆ ಕೇಳಿದೆ, "ಅಣ್ಣ, ಈ ಸಲ ಮುಟ್ಟಿದ್ದು ಯಾರು? ಸನ್ಮತಿ ಎದ್ದು ಬಂದನಾ?"

ಲಾರೆನ್ಸ ಬಂದು, ಪುನಃ ತುಂಡಾಗಿದ್ದ ನ್ಯೂಟ್ರಲಿನ ಒಳಗಡೆಯ, ವಾಪಸು ದಾರಿ ಸಿಕ್ಕದ ಕರೆಂಟು ನಿಂತಿದ್ದ ತುದಿಗೆ ಟೆಸ್ಟರ್ ಇಟ್ಟ. ಉರಿಯಿತು. "ಸಣ್ಣವರು ಅಂದೇ ಹೇಳಿದ್ದರು, ಇದು ಸಾಲುವುದಿಲ್ಲ ಅಂತ" ಎಂದ. ಜವಳಿ ಅಂಗಡಿಯವರು ಲೋಟ ಕೆಳಗಿಟ್ಟರು. "ಹಾಗಾದರೆ ನಾನು ಆ ಹುಡುಗನಿಗೆ ಅಷ್ಟು ಬೈದದ್ದು..." ಎಂದು ಅಣ್ಣನನ್ನೇ ನೋಡಿದರು. ಎಲ್ಲರೂ ನೋಡಿದರು. ಅವನು ಗಲ್ಲಾದ ಚಿಲ್ಲರೆಯನ್ನು ಸುಮ್ಮನೆ ಆಚೀಚೆ ಮಾಡುತ್ತಿದ್ದ. ನನಗೆ ಅಯ್ಯೋ ಅನಿಸಲಿಲ್ಲ.

ಇವತ್ತು ಹೊಸ ನ್ಯೂಟ್ರಲ್ ಹಾಕಿಸಿದ್ದೇನೆ, ಫೇಸಿನಷ್ಟೇ ದಪ್ಪ, ನೀನು ಹೇಳಿದ ಹಾಗೆಯೇ. ಸುಟ್ಟ ಹಳೆಯ ತಂತಿಯನ್ನು ಸುರುಳಿ ಸುತ್ತಿ, ಗಲ್ಲಾದ ಎದುರಿನ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ತಲೆ ಎತ್ತಿದರೆ ಅವನಿಗೆ ಕಾಣುವುದು ಅದೇ. ಬಂದವರೆಲ್ಲ ಏನದು ಎಂದು ಕೇಳುತ್ತಾರೆ, ಲಾರೆನ್ಸ ಹೇಳುತ್ತಾನೆ. ನಾನು ಬದುಕಿರುವಷ್ಟು ದಿನ ಅದು ಅಲ್ಲಿಂದ ಇಳಿಯುವುದಿಲ್ಲ, ಇದು ನಿನಗೆ ಕೊಟ್ಟ ಮಾತು.

ಸಂಜೆ ಅಣ್ಣ ಹಿಂದಿನ ಕೋಣೆಗೆ ಬಂದಿದ್ದ. "ಅದನ್ನೊಮ್ಮೆ ತೆಗೆದುಬಿಡು, ನೋಡಲಿಕ್ಕಾಗುವುದಿಲ್ಲ" ಎಂದ. ನಾನು ಮೆಷಿನು ನಿಲ್ಲಿಸದೆ ಹೇಳಿದೆ:

"ಅದರಲ್ಲಿ ಏನೂ ಇಲ್ಲ ಅಣ್ಣ. ಟೆಸ್ಟರ್ ಇಟ್ಟು ನೋಡಿ."

ನಿನ್ನ ಅಕ್ಕ