ಎರಡು ವರ್ಷ ಕಡಿಮೆ

ಅಪ್ಪನಿಗೆ ನಮಸ್ಕಾರ.

ನಾನು ಮಹಿಳಾ ನಿಲಯದಲ್ಲಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಕೊಡ್ತಾರೆ, ಗೇಟು ಮಾತ್ರ ದಾಟಿಸಲ್ಲ. ನಿಮ್ಮ ಅಳಿಯ ಜೈಲಿನಲ್ಲಿದ್ದಾರೆ. ಅಪ್ರಾಪ್ತ ಮಗಳನ್ನು ಅಪಹರಿಸಿದ ಅಂತ ನೀವು ಕೊಟ್ಟ ದೂರಿಗೆ ನನ್ನ ಶಾಲೆಯ ದಾಖಲೆಯೇ ಸಾಕ್ಷಿ. ಅದರ ಪ್ರಕಾರ ನನಗೆ ಹದಿನೇಳು.

ನಾನಾಗಿಯೇ ಹೋಗಿ ಮದುವೆಯಾದೆ, ನನಗೆ ಹತ್ತೊಂಬತ್ತು ಅಂದೆ. ಜಡ್ಜ್ ಸಾಹೇಬರು, "ಬಾಯಿಮಾತು ಸಾಲದು, ಕಾಗದ ತೋರಿಸಮ್ಮ" ಅಂದರು.

ನನ್ನ ಜನನ ಪತ್ರ ನೀವು ಮಾಡಿಸಲೇ ಇಲ್ಲ. ಆದರೂ ಕಾಗದ ನಮ್ಮ ಮನೆಯಲ್ಲಿದೆ. ಟ್ರಂಕಿನ ತಳದಲ್ಲಿ ತಮ್ಮನ ಜನನ ಪತ್ರ ಇದೆ, ಬುಧವಾರ ಕೋರ್ಟಿಗೆ ತನ್ನಿ. ಶಾಲೆಯವರು ಬರೆದಿದ್ದೇ ನಿಜವಾದರೆ ನಾನು ಹುಟ್ಟಿ ನಾಲ್ಕೇ ತಿಂಗಳಿಗೆ ಅವನು ಹುಟ್ಟಿದ್ದಾನೆ. ನಮ್ಮಮ್ಮ ಅಷ್ಟು ಗಟ್ಟಿಗಿತ್ತಿಯೇನಲ್ಲ.

ಅಮ್ಮನಿಗೆ ಹುಷಾರಿಲ್ಲ, ಅವನನ್ನು ನೋಡಿಕೊಳ್ಳೋರಿಲ್ಲ ಅಂತ ನನ್ನನ್ನು ಎರಡು ವರ್ಷ ಶಾಲೆಗೆ ಕಳಿಸಲಿಲ್ಲ. ಆಮೇಲೆ ಹೆಡ್‌ಮಾಸ್ಟರ ಮುಂದೆ ನಾಚಿಕೆಯಾಗಿ ನನ್ನ ವಯಸ್ಸನ್ನೇ ಎರಡು ವರ್ಷ ಕಡಿಮೆ ಬರೆಸಿದಿರಿ. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದಕ್ಕೆ ನಾನು ಇವತ್ತಿನವರೆಗೆ ಏನೂ ಕೇಳಿಲ್ಲ.

ಈಗ ಕೇಳ್ತಿದ್ದೇನೆ. ಆ ಎರಡು ವರ್ಷ ನನಗೆ ವಾಪಸು ಕೊಡಿ.

ನಿಮ್ಮ ಮಗಳು,
ವಯಸ್ಸು ಹತ್ತೊಂಬತ್ತು